ಹಳೇ ಲಾರಿ ಇಸಿಎಂ ರಿಪೇರಿ: ಶಿವಮೊಗ್ಗ ಆಟೋ ಕಾಂಪ್ಲೆಕ್ಸ್‌ನ ಸಣ್ಣ ಅಂಗಡಿಯೊಂದರ ಬಗ್ಗೆ

ಇಸಿಎಂ, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್ ಪೆಟ್ಟಿಗೆ ಹೋಗಿದೆ, ಹೊಸದು ಹಾಕ್ಬೇಕು ಅಂತ ನಿಮಗೆ ಯಾರಾದ್ರೂ ಹೇಳಿದ್ರೆ ದುಡ್ಡು ಕಟ್ಟೋಕೆ ಮುಂಚೆ ಇದನ್ನ ಓದಿ. ನಂಗೆ 86,000 ರೂಪಾಯಿ ಹೇಳಿದ್ರು, ಹೆಂಡ್ತಿ ಬಳೆ ಸೊಸೈಟಿಲಿ ಅಡ ಇಡೋ ಮಾತೂ ಮನೇಲಿ ಆಗಿತ್ತು. ಕೊನೆಗೆ ಆಗಿದ್ದು ಇಸಿಎಂ ರಿಪೇರಿಗೆ 11,500, ವೈರಿಂಗ್‌ಗೆ 3,800. ಏಳು ತಿಂಗಳಾಯ್ತು, ಗಾಡಿ ಒಂದ್ಸಲನೂ ಕೈ ಕೊಟ್ಟಿಲ್ಲ.

ನಂದು 2012ರ ಮಾಡೆಲ್ ಆರು ಚಕ್ರದ ಲಾರಿ, ಬಿಎಸ್ 3 (ಹೊಗೆ ಎಷ್ಟಿರಬಹುದು ಅನ್ನೋ ಸರ್ಕಾರದ ಮಟ್ಟ), ಆರು ಸಿಲಿಂಡರ್ ಕಾಮನ್ ರೈಲ್ ಇಂಜಿನ್, ಅಂದ್ರೆ ಒತ್ತಡದ ಡೀಸೆಲ್ ಒಂದೇ ಪೈಪಿಂದ ಎಲ್ಲಾ ಇಂಜೆಕ್ಟರ್‌ಗೂ ಹೋಗೋದು. ತೀರ್ಥಹಳ್ಳಿಲಿ ಇಟ್ಕೊಂಡು ಅಡಿಕೆ, ಗೊಬ್ಬರ, ಹೆಂಚು, ಜಂಬಿಟ್ಟಿಗೆ, ಯಾವ ಬಾಡಿಗೆ ಸಿಕ್ಕಿದ್ರೂ ಹೊಡೀತೀನಿ. ಅಪ್ಪನ ಕಾಲದ ಗಾಡೀಲಿ ಮೆಕ್ಯಾನಿಕಲ್ ಪಂಪು, ಡೀಸೆಲ್ ಬಂದು ಏರ್ ಹಿಡೀದೇ ಇದ್ರೆ ಸೆಲ್ಫ್ ಹೊಡೆದ ಕೂಡ್ಲೇ ಸ್ಟಾರ್ಟ್. ಕಾಮನ್ ರೈಲ್‌ನಲ್ಲಿ ಹಂಗಲ್ಲ, ಯಾವ ಇಂಜೆಕ್ಟರ್ ಯಾವಾಗ ತೆರೀಬೇಕು ಎಷ್ಟು ಹೊತ್ತು ತೆರೀಬೇಕು ಅಂತ ಇಸಿಎಂ ಹೇಳ್ಬೇಕು, ಅದು ಹೇಳ್ದೇ ಇದ್ರೆ ಒಂದು ಹನಿ ಡೀಸೆಲ್ಲೂ ಒಳಗೆ ಹೋಗಲ್ಲ. ದೇಶಕ್ಕೆಲ್ಲ ಬಿಎಸ್ 3 ಬಂದಿದ್ದು 2010ರಲ್ಲಿ, 2017ರ ಏಪ್ರಿಲ್‌ಗೆ ಬಿಎಸ್ 3 ಗಾಡಿ ಮಾರೋದನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸ್ತು, 2020ಕ್ಕೆ ಬಿಎಸ್ 6 ಬಂತು. ನಮ್ಮ ಗಾಡಿಗಳ ಇಸಿಎಂಗೆ ಈಗ ಹತ್ತು ಹನ್ನೆರಡು ವರ್ಷ ದಾಟಿದೆ, ಮಲೆನಾಡಿನ ಅಷ್ಟೂ ಮಳೆ ಕುಡಿದಿದಾವೆ. ನಂಗೆ ಆಗಿದ್ದು ನಾಳೆ ನಿಮ್ಮ ಗಾಡಿಗೂ ಆಗ್ಬಹುದು ಅಂತಾನೇ ಇಷ್ಟುದ್ದ ಬರೀತಿರೋದು.

ಜುಲೈ ತಿಂಗಳು, ಪುನರ್ವಸು ಮಳೆ ಬಿಡದೇ ಹೊಯ್ತಿತ್ತು. ಕುಂದಾಪುರ ಕಡೆಯಿಂದ ಹೆಂಚು ತುಂಬ್ಕೊಂಡು ಹುಲಿಕಲ್ ಘಾಟಿ ಹತ್ತುತಾ ಇದ್ದೆ. ಚಂಡಿಕಾಂಬ ದೇವಸ್ಥಾನ ಇನ್ನೂ ಮೇಲಿತ್ತು, ಇದ್ದಕ್ಕಿದ್ದಂಗೆ ಗಾಡಿ ನಡುಗೋಕೆ ಶುರು, ಇಂಜಿನ್ ಲೈಟ್ ಹತ್ತಿಕೊಳ್ತು, ರೇಸ್ ಎಷ್ಟು ತುಳಿದ್ರೂ ಏರ್ತಿಲ್ಲ. ಒಂದನೇ ಗೇರಲ್ಲೇ ಅಳ್ಕೊಂಡು ಅಳ್ಕೊಂಡು ಹತ್ತಿಸಿದೆ. ಹಿಂದೆ ಬಸ್ಸು, ಮುಂದೆ ಮಂಜು, ಒಂದು ಕಡೆ ಪ್ರಪಾತ, ಗಾಡಿ ಅಲ್ಲೇ ನಿಂತಿದ್ರೆ ಎಂತ ಗತಿ ಅಂತ ಈಗ ನೆನೆಸಿಕೊಂಡ್ರೂ ಎದೆ ಹೊಡ್ಕೊಳುತ್ತೆ. ಹೆಂಗೋ ಮಾಸ್ತಿಕಟ್ಟೆ ಮುಟ್ಟಿದೆ. ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಎದ್ದು ಸೆಲ್ಫ್ ಹೊಡೆದ್ರೆ ಇಂಜಿನ್ ತಿರುಗುತ್ತೆ, ಸ್ಟಾರ್ಟ್ ಇಲ್ಲ. ಹೆಂಚನ್ನ ಬೇರೆ ಗಾಡಿಗೆ ಬದಲಾಯಿಸಿ, ಇದನ್ನ ಟೋ ಮಾಡ್ಕೊಂಡು ಯಡೂರು ತೀರ್ಥಹಳ್ಳಿ ಮೇಲೆ ಶಿವಮೊಗ್ಗ ತನಕ ತಂದಿದ್ದಕ್ಕೇ 9,000 ಹೋಯ್ತು.

ಮೊದಲು ಹೋಗಿದ್ದು ಒಂದು ದೊಡ್ಡ ವರ್ಕ್‌ಶಾಪಿಗೆ, ಹೆಸರು ಬೇಡ. ಇಸಿಎಂ ಒಳಗಿನ ದೋಷ ಓದೋ ಸ್ಕ್ಯಾನರ್ ಚುಚ್ಚಿದ್ರು, ಕನೆಕ್ಟ್ ಆಗ್ಲಿಲ್ಲ. ಹತ್ತೇ ನಿಮಿಷ ಅಷ್ಟೇ, ಇಸಿಎಂ ಡೆಡ್ಡು, ಹೊಸದು ತರಿಸ್ಬೇಕು, ಹಳೇ ಮಾಡೆಲ್ ಆದ್ರಿಂದ ಇಪ್ಪತ್ತು ದಿನ ಆಗ್ಬಹುದು, ಪ್ರೋಗ್ರಾಮಿಂಗ್ ಸೇರಿ 86,000, ಪೂರ್ತಿ ಅಡ್ವಾನ್ಸ್ ಅಂದ್ರು. ಇದ್ಯಾಕೆ ಹೋಯ್ತು ಅಂತ ಕೇಳಿದ್ರೆ ಹಳೇದಾಗಿದೆ ಹೋಯ್ತು ಅಂದ್ರು. ಒಬ್ಬರೂ ಮೀಟರ್ ಕೈಗೆ ತಗೊಳ್ಲಿಲ್ಲ. ನಂಗೆ ಬೇಜಾರಾಗಿದ್ದು ರೇಟಿಗಲ್ಲ, ಈ ಉತ್ತರಕ್ಕೆ. ಹೊಸದು ಹಾಕಿದ ಮೇಲೆ ಅದೂ ಹೋದ್ರೆ ಯಾರನ್ನ ಕೇಳ್ಲಿ?

ಈ ಮಧ್ಯೆ ಒಬ್ಬ ಸ್ನೇಹಿತ ಬೆಂಗಳೂರಲ್ಲಿ ಗುಜರಿ ಇಸಿಎಂ 24,000ಕ್ಕೆ ಸಿಗುತ್ತೆ, ನೋಡೋಕೆ ಸೇಮ್ ಅಂತ ಫೋಟೋ ಕಳಿಸಿದ. ನಾನೂ ಹೂಂ ಅನ್ನೋದರಲ್ಲಿದ್ದೆ. ಅಡಿಕೆ ಮಂಡಿಲಿ ಸಿಕ್ಕ ಇನ್ನೊಬ್ಬ ಡ್ರೈವರಣ್ಣ ತಡೆದ, ಸಾಗರ ರಸ್ತೆ ಆಟೋ ಕಾಂಪ್ಲೆಕ್ಸಲ್ಲಿ ಇಸಿಎಂ ಬಿಚ್ಚಿ ರಿಪೇರಿ ಮಾಡೋ ಮೇಷ್ಟ್ರು ಒಬ್ಬರಿದಾರೆ, ಮೊದಲು ಅವರಿಗೆ ತೋರ್ಸು ಅಂದ.

ಅಂಗಡಿಗೆ ಬೋರ್ಡು ಅಂತ ಇಲ್ಲ, ಶಟರ್ ಪಕ್ಕ ಗೋಡೆ ಮೇಲೆ ಇಸಿಎಂ ರಿಪೇರಿ ಅಂತ ಪೇಂಟಲ್ಲಿ ಬರೆದಿದೆ ಅಷ್ಟೇ. ಹತ್ತು ಬೈ ಹನ್ನೆರಡರ ರೂಮು, ಒಂದು ಮೈಕ್ರೋಸ್ಕೋಪು, ಬಿಸಿ ಗಾಳಿ ಊದೋ ಮೆಷಿನ್ನು, ಮೇಜಿನ ಮೇಲೆ ಬಿಚ್ಚಿಟ್ಟ ಇಸಿಎಂಗಳು, ಎಲ್ಲದಕ್ಕೂ ಗಾಡಿ ನಂಬರ್ ಬರೆದ ಚೀಟಿ. ಮೇಷ್ಟ್ರು ಕೊಪ್ಪದ ಕಡೆಯವರು, ಡಬ್ಬ ಟಿವಿ ಕಾಲದಿಂದ ರಿಪೇರಿ ಮಾಡ್ಕೊಂಡು ಬಂದವರು, ಟಿವಿ ಕೆಲಸ ನಿಂತ ಮೇಲೆ ಈ ಕಡೆ ತಿರುಗಿದ್ರಂತೆ. ಇಸಿಎಂ ಒಳಗಿನ ಸರ್ಕ್ಯೂಟ್ ಬೋರ್ಡ್ ಕೆಲಸ ಅವರದು, ಲ್ಯಾಪ್‌ಟಾಪ್ ಕೆಲಸ ಮಗಳದು. ಆ ಹುಡುಗಿ ಕೈ ಎಷ್ಟು ನೀಟು ಅಂದ್ರೆ ನೋಡ್ತಾ ನಿಂತ್ಬಿಡ್ಬೇಕು.

ನಾನು ಇಸಿಎಂ ಬಿಚ್ಚಿ ಚೀಲದಲ್ಲಿ ಹಾಕ್ಕೊಂಡು ಹೋಗಿದ್ದೆ. ಅವರು ಮುಟ್ಲೇ ಇಲ್ಲ. "ಬರೀ ಪೆಟ್ಟಿಗೆ ತಂದ್ರೆ ಎಂತ ನೋಡೋದು ಮಾರಾಯ್ರೇ, ಗಾಡಿ ತನ್ನಿ" ಅಂದ್ರು. ಅದಕ್ಕೇ ನಂಗೆ ಅವರ ಮೇಲೆ ನಂಬಿಕೆ ಬಂತು. ಮತ್ತೆ ಟೋ ಮಾಡಿ ಗಾಡಿ ತಂದು ರಸ್ತೆ ಬದಿಲಿ ನಿಲ್ಲಿಸಿದೆ.

ಅವರು ಚೆಕ್ ಮಾಡಿದ ಕ್ರಮ ಹೇಳ್ತೀನಿ, ಯಾಕಂದ್ರೆ ನಿಮ್ಮ ಮೆಕ್ಯಾನಿಕ್ ಇಷ್ಟಾದ್ರೂ ಮಾಡಿದಾರಾ ಅಂತ ನಿಮಗೆ ಗೊತ್ತಾಗ್ಲಿ. ಮೊದಲು ಫ್ಯೂಸು, ಮೇನ್ ರಿಲೇ, ವೈರೆಲ್ಲ ಸಿಕ್ಕಿಸೋ ಪ್ಲಗ್ಗು ಅಂದ್ರೆ ಇಸಿಎಂ ಕಪ್ಲರ್‌ಗೆ 24 ವೋಲ್ಟ್ ಬರ್ತಿದ್ಯಾ ಅಂತ. ಬರ್ತಿತ್ತು. ಆಮೇಲೆ ಅರ್ತ್. ಮೀಟರಿನ ಒಂದು ಕಡ್ಡಿ ಇಂಜಿನ್ ಮೇಲೆ, ಇನ್ನೊಂದು ಬ್ಯಾಟರಿ ನೆಗೆಟಿವ್ ಮೇಲೆ ಇಟ್ಟು ನಂಗೆ ಸೆಲ್ಫ್ ಹೊಡೀಲಿಕ್ಕೆ ಹೇಳಿದ್ರು. ಅರ್ಧ ವೋಲ್ಟ್ ಒಳಗಿರಬೇಕಾದ್ದು ಒಂದೂವರೆ ವೋಲ್ಟ್ ತೋರಿಸ್ತು. ಇಂಜಿನ್‌ನಿಂದ ಚಾಸಿಗೆ ಹೋಗೋ ಅರ್ತ್ ಪಟ್ಟಿ ತುಕ್ಕು ಹಿಡಿದು ಬರೀ ನಾಲ್ಕು ಎಳೆ ಉಳಿದಿತ್ತು. ಸೆಲ್ಫ್ ಹೊಡೆದಾಗಿನ ಅಷ್ಟು ದೊಡ್ಡ ಕರೆಂಟು ವಾಪಸ್ ಹೋಗೋಕೆ ದಾರಿ ಸಿಗ್ದೇ ಸಣ್ಣ ಸಣ್ಣ ವೈರಲ್ಲಿ ನುಗ್ಗುತ್ತೆ, ಅದರಲ್ಲಿ ಇಸಿಎಂ ಅರ್ತೂ ಒಂದು.

ಆಮೇಲೆ ರೇಸ್ ಪೆಡಲ್ ಕಪ್ಲರ್ ತೆಗೆದು 5 ವೋಲ್ಟ್ ನೋಡಿದ್ರು. ಸೆನ್ಸರ್‌ಗಳಿಗೆಲ್ಲ ಇಸಿಎಂ ಒಳಗಿಂದಾನೇ 5 ವೋಲ್ಟ್ ಹೋಗೋದು. ಅಲ್ಲಿ ಸೊನ್ನೆ. ನಾನು ಅಂದ್ಕೊಂಡೆ, ಸರಿ, ಇಸಿಎಂ ಹೋಗಿದ್ದು ಗ್ಯಾರಂಟಿ ಅಂತ. ಅವರು ಅಲ್ಲಿಗೂ ಒಪ್ಲಿಲ್ಲ. ಯಾವುದಾದ್ರೂ ಒಂದು ಸೆನ್ಸರ್ ಒಳಗೆ ಶಾರ್ಟ್ ಆದ್ರೂ ಆ 5 ವೋಲ್ಟನ್ನ ಅದೊಂದೇ ಎಳ್ಕೊಂಡು ಎಲ್ಲಾ ಸೆನ್ಸರ್ ಸತ್ತಂಗೆ ಕಾಣುತ್ತಂತೆ, ಕೆಲವು ಗಾಡೀಲಿ ಸ್ಕ್ಯಾನರ್ ಕನೆಕ್ಟೇ ಆಗಲ್ವಂತೆ. ರೈಲ್ ಪ್ರೆಶರ್ ಸೆನ್ಸರು, ಬೂಸ್ಟ್ ಸೆನ್ಸರು, ಕ್ಯಾಮ್ ಸೆನ್ಸರು ಒಂದೊಂದೇ ಕಪ್ಲರ್ ತೆಗೀತಾ ಮೀಟರ್ ನೋಡ್ತಾ ಹೋದ್ರು. ಎಲ್ಲ ತೆಗೆದ್ರೂ 5 ವೋಲ್ಟ್ ಬರ್ಲಿಲ್ಲ. ಆಗ ಹೇಳಿದ್ರು, ಈಗ ಇಸಿಎಂ ಬಿಚ್ಚಿ ಅಂತ. ಎಷ್ಟೋ ಜನ 500 ರೂಪಾಯಿ ಸೆನ್ಸರ್ ಹೋಗಿದ್ದಕ್ಕೆ ಲಕ್ಷದ ಇಸಿಎಂ ಹಾಕಿಸಿ ಆಮೇಲೆ ಇವರ ಹತ್ರ ಬಂದು ಅತ್ತಿದಾರಂತೆ.

ಇನ್ನೊಂದು ಪ್ರಶ್ನೆ ಕೇಳಿದ್ರು. ಘಾಟೀಲಿ ಪವರ್ ಹೋದಾಗ ಹೆಂಗೆ ಹೋಯ್ತು, ಒಂದು ಸಿಲಿಂಡರ್ ಮಿಸ್ ಆದಂಗಾ ಅರ್ಧ ಇಂಜಿನ್ ಹೋದಂಗಾ? ಅರ್ಧ ಇಂಜಿನ್ನೇ ಅಂದೆ. ಆರು ಇಂಜೆಕ್ಟರ್‌ನ ಇಸಿಎಂ ಒಳಗೆ ಮೂರು ಮೂರರ ಎರಡು ಗುಂಪು ಮಾಡಿರ್ತಾರೆ, ಒಂದರ ವೈರ್ ಅರ್ತಿಗೆ ತಾಗಿದ್ರೆ ಇಸಿಎಂ ಆ ಗುಂಪನ್ನೇ ಬಂದ್ ಮಾಡುತ್ತೆ, ಮೂರು ಸಿಲಿಂಡರ್ ಒಟ್ಟಿಗೆ ಹೋಗುತ್ತೆ. ಬಗ್ಗಿ ಟಾರ್ಚ್ ಬಿಟ್ಟು ಹುಡುಕಿದ್ರು. ಇಂಜಿನ್ ಹಿಂದೆ ಒಂದು ಬ್ರಾಕೆಟ್ ಅಂಚಿಗೆ ಉಜ್ಜಿ ಉಜ್ಜಿ ಐದನೇ ಇಂಜೆಕ್ಟರ್ ವೈರಿನ ಪ್ಲಾಸ್ಟಿಕ್ ಸವೆದು ತಾಮ್ರ ಕಾಣ್ತಿತ್ತು. ಕೈಯಲ್ಲಿ ಹಿಡಿದು ನಂಗೆ ತೋರಿಸಿದ್ರು. ಇದನ್ನ ಹಂಗೇ ಬಿಟ್ಟು 86,000ದ ಹೊಸ ಪೆಟ್ಟಿಗೆ ಹಾಕಿದ್ದಿದ್ರೆ ಅದೇ ಘಾಟೀಲಿ ಅದೇ ಕಥೆ ಆಗ್ತಿತ್ತು.

ಇಸಿಎಂ ಮುಚ್ಚಳ ಬಿಸಿ ಮಾಡಿ ತೆಗೆದಾಗ ನಿಜವಾದ ಸಂಕಟ ಕಾಣಿಸ್ತು. ಎರಡು ವರ್ಷದ ಹಿಂದೆ ಇದೇ ಇಸಿಎಂನ ಬೇರೆ ಊರಲ್ಲಿ ಒಬ್ಬರು ಬಿಚ್ಚಿ ಏನೋ ಮಾಡಿ ಕೊಟ್ಟಿದ್ರು. ಅವರು ಮುಚ್ಚಳ ಮುಚ್ಚೋಕೆ ಹಾಕಿದ್ದು ಬಾತ್‌ರೂಮ್ ಟೈಲ್ಸಿಗೆ ಹಚ್ಚೋ ಥರದ ಸಿಲಿಕೋನು, ಹಚ್ಚಿದಾಗ ವಿನಿಗರ್ ವಾಸನೆ ಬರುತ್ತಲ್ಲ ಅದು. ಒಣಗ್ತಾ ಅದು ಬಿಡೋ ಆಸಿಡ್ಡು ತಾಮ್ರನ ತಿನ್ನುತ್ತೆ. ಒಂದು ಮೂಲೇಲಿ ಸಿಲಿಕೋನ್ ಹಿಡಿದೂ ಇರ್ಲಿಲ್ಲ, ಅಲ್ಲಿಂದ ನೀರು ಸೇರಿದೆ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಪವರ್ ಭಾಗದ ಬೋರ್ಡು ಹಸಿರು ಪಾಚಿ ಕಟ್ಟಿದ ಮೆಟ್ಟಿಲಿನ ಥರ ಇತ್ತು. ಕಪ್ಲರ್ ಪಿನ್ನುಗಳಲ್ಲೂ ಹಸಿರು, ವೈರ್ ಒಳಗಿನ ಎಳೆಗಳ ಸಂದೀಲೇ ನೀರು ಏರ್ಕೊಂಡು ಬರುತ್ತಂತೆ, ದೀಪದ ಬತ್ತಿ ಎಣ್ಣೆ ಎಳ್ದಂಗೆ. ಘಾಟೀಲಿ ಮೂರು ಸಿಲಿಂಡರ್ ಹೋಗಿದ್ದು ವೈರಿಂದ, ಮಾಸ್ತಿಕಟ್ಟೇಲಿ ಪೂರ್ತಿ ಸತ್ತಿದ್ದು ನೀರಿಂದ. ಎರಡು ಬೇರೆ ಬೇರೆ ರೋಗ, ಒಂದೇ ರಾತ್ರಿ.

ರಿಪೇರಿಗೆ ಕೈ ಹಾಕೋ ಮುಂಚೆ ಮಗಳು ಒಂದು ಕೆಲಸ ಮಾಡಿದ್ಲು. ಬೋರ್ಡಲ್ಲಿರೋ ಎಂಟು ಕಾಲಿನ ಸಣ್ಣ ಮೆಮೊರಿ ಚಿಪ್ ತೆಗೆದು ಅದರ ಡೇಟಾ ಓದಿ ಇಟ್ಕೊಂಡ್ಲು. ನನ್ನ ಗಾಡಿಯ ಆರು ಇಂಜೆಕ್ಟರ್‌ಗಳ ಕೋಡು, ಚಾಸಿ ನಂಬರ್ ಎಲ್ಲ ಅದರಲ್ಲೇ ಇತ್ತು. ಇಂಜೆಕ್ಟರ್ ತಲೆ ಮೇಲೆ ಅಕ್ಷರ ನಂಬರ್ ಸೇರಿಸಿ ಒಂದು ಕೋಡ್ ಕೆತ್ತಿರ್ತಾರೆ ನೋಡಿ, ಒಂದೊಂದು ಇಂಜೆಕ್ಟರ್ ಡೀಸೆಲ್ ಬಿಡೋದ್ರಲ್ಲಿ ಕೂದಲೆಳೆ ವ್ಯತ್ಯಾಸ ಇರುತ್ತೆ, ಅದನ್ನ ಇಸಿಎಂಗೆ ತಿಳಿಸೋ ಕೋಡ್ ಅದು. ಬೇರೆ ಇಸಿಎಂ ಹಾಕಿದಾಗ ಇವನ್ನ ಬರೀದಿದ್ರೆ ಹೊಗೆ, ನಡುಕ ಬರುತ್ತೆ. ಗುಜರಿ ಇಸಿಎಂ ಫೋಟೋನೂ ತೋರಿಸಿದೆ. ಬಾಷ್ ಡೀಸೆಲ್ ಇಸಿಎಂ ಆದ್ರೆ ಸ್ಟಿಕರ್ ಮೇಲೆ 0281ರಿಂದ ಶುರುವಾಗೋ 10 ಅಂಕಿಯ ನಂಬರ್ ಇರುತ್ತೆ, ನಂದಕ್ಕೂ ಅದಕ್ಕೂ ಕೊನೇ ಮೂರು ಅಂಕಿ ಬೇರೆ. ಕಪ್ಲರ್ ಕೂರುತ್ತೆ, ಪೆಟ್ಟಿಗೆ ಸೇಮ್ ಕಾಣುತ್ತೆ, ಒಳಗಿರೋ ಲೆಕ್ಕ ಬೇರೆ ಇಂಜಿನ್‌ದು. 24,000 ಉಳೀತು.

ಆಮೇಲಿನ ಕೆಲಸ ನಂಗೆ ಪೂರ್ತಿ ಅರ್ಥ ಆಗಿಲ್ಲ, ಕಂಡಷ್ಟು ಹೇಳ್ತೀನಿ. ಬೋರ್ಡನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಬ್ರಶ್ ಹಾಕಿ ತೊಳೆದ್ರು, ಹಸಿರು ತಿಂದು ಹಾಕಿದ್ದ ಒಂದು ಲೈನಿನ ಜಾಗಕ್ಕೆ ಕೂದಲಿನಷ್ಟು ಸಣ್ಣ ತಂತಿ ಎಳೆದ್ರು, ಪವರ್ ಐಸಿ ಒಂದು, ಉಬ್ಬಿದ್ದ ಕೆಪಾಸಿಟರ್ ಎರಡು, ಇಂಜೆಕ್ಟರ್ ನಡೆಸೋ ಮಾಸ್ಫೆಟ್ ಎರಡು ಬದಲಾಯಿಸಿದ್ರು. ಹಳೇ ಪಾರ್ಟ್ಸ್ ಎಲ್ಲ ಸಣ್ಣ ಕವರಲ್ಲಿ ಹಾಕಿ ನಂಗೇ ಕೊಟ್ರು. ಮೇಜಿನ ಮೇಲೆ 24 ವೋಲ್ಟ್ ಕೊಟ್ಟು, ಹಳೇ ಆರು ಇಂಜೆಕ್ಟರ್ ಸಾಲಾಗಿ ಜೋಡಿಸಿ ಓಡಿಸಿ ತೋರಿಸಿದ್ರು. ಟಕ್ ಟಕ್ ಟಕ್ ಅಂತ ಆರೂ ಸರದಿ ಪ್ರಕಾರ ಹೊಡೀತಿದ್ವು. ಆ ಸದ್ದು ಕೇಳಿ ನಂಗೆ ಕಣ್ಣಲ್ಲಿ ನೀರು ಬಂತು, ನಿಜ ಹೇಳ್ತಿದೀನಿ, ಹದಿನೈದು ದಿನದಿಂದ ಬಾಡಿಗೆ ಇಲ್ದೇ ಕೂತಿದ್ದೆ, ಇಎಂಐ ಮೆಸೇಜ್ ಬರ್ತಾನೇ ಇತ್ತು. ಎರಡು ದಿನ ಹಂಗೇ ಮೇಜಿನ ಮೇಲೆ ಬಿಟ್ಟು ಬಿಟ್ಟು ಓಡಿಸಿ, ಬೋರ್ಡಿಗೆ ನೀರು ತಾಗದ ವಾರ್ನಿಶ್ ಥರದ ಕೋಟಿಂಗ್ ಕೊಟ್ಟು, ಎಲೆಕ್ಟ್ರಾನಿಕ್ಸ್‌ಗೆ ಅಂತಾನೇ ಬರೋ ಸೀಲಂಟ್ ಹಾಕಿ ಮುಚ್ಚಿದ್ರು.

ಗಾಡಿಗೆ ಹಾಕೋ ದಿನ ವೈರಿಂಗ್ ಕೆಲಸ. ಸವೆದ ವೈರ್ ಬದಲಾಯಿಸಿ ಬ್ರಾಕೆಟ್‌ನಿಂದ ದೂರ ಕಟ್ಟಿದ್ರು, ಅರ್ತ್ ಪಟ್ಟಿ ಹೊಸದು, ಚಾಸಿ ಮೇಲಿನ ಪೇಂಟ್ ಕೆರೆದು ಬೋಲ್ಟ್ ಬಿಗಿದು ಮೇಲೆ ಗ್ರೀಸ್. ಬ್ಯಾಟರಿ ಬಿಚ್ಚಿ ಇಸಿಎಂ ಬೇರೆ ಯೂನಿಟ್ಟುಗಳ ಜೊತೆ ಮಾತಾಡೋ ಕ್ಯಾನ್ ಲೈನಿನ ಎರಡು ವೈರ್ ಮಧ್ಯೆ ಮೀಟರ್ ಇಟ್ಟು 60 ಓಮ್ ಬಂದಿದ್ದನ್ನ ತೋರಿಸಿದ್ರು, ಎರಡು ತುದೀಲೂ 120ರ ರೆಸಿಸ್ಟರ್ ಇರೋದ್ರಿಂದ ಅಷ್ಟೇ ಬರ್ಬೇಕಂತೆ. ಮೂರನೇ ಸೆಲ್ಫಿಗೆ ಸ್ಟಾರ್ಟ್. ಸ್ಕ್ಯಾನರ್ ಹಾಕಿ ಹಳೇ ದೋಷದ ಕೋಡೆಲ್ಲ ಅಳಿಸಿ, ಗಾಜನೂರು ಡ್ಯಾಮ್ ತನಕ ಅವರೇ ಪಕ್ಕದಲ್ಲಿ ಕೂತು ಟ್ರಯಲ್ ಬಂದ್ರು.

ಈಗ ತೊಂದರೆಗಳನ್ನೂ ಹೇಳ್ಬೇಕು. ಮೂರು ದಿನ ಅಂದಿದ್ದು ಎಂಟು ದಿನ ಆಯ್ತು. ಪವರ್ ಐಸಿ ಬೆಂಗಳೂರಿಂದ ಬರ್ಬೇಕಿತ್ತು, ಅದು ಸರಿ, ಆದ್ರೆ ಒಂದು ಫೋನ್ ಮಾಡಿ ಹೇಳ್ಬಹುದಿತ್ತು. ಮಧ್ಯಾಹ್ನದ ಮೇಲೆ ಫೋನ್ ಎತ್ತೋದೇ ಇಲ್ಲ, ಮೈಕ್ರೋಸ್ಕೋಪ್ ಮುಂದೆ ಕೂತ್ರೆ ಏಳಲ್ಲ ಅಂತಾರೆ, ದೂರದಿಂದ ಬಂದವ್ರಿಗೆ ಇದು ಬಹಳ ಕಷ್ಟ. ಲಾರಿ ನಿಲ್ಲಿಸೋಕೆ ಜಾಗ ಇಲ್ಲ, ರಸ್ತೇಲಿ ಬಿಟ್ಟು ರಾತ್ರಿ ನಾನೇ ಕ್ಯಾಬಿನ್ನಲ್ಲಿ ಮಲಗಿದ್ದೆ. ಬಿಲ್ಲು ಕೇಳಿದ್ಮೇಲೇ ಕೊಟ್ಟಿದ್ದು. ವಾರಂಟಿ ಮಾಡಿದ ಕೆಲಸಕ್ಕೆ ಆರು ತಿಂಗಳು, ನೀರು ಹೋದ್ರೆ ಇಲ್ಲ. ಇದನ್ನ ಬಿಲ್ಲಲ್ಲೇ ಬರೆಸಿಕೊಳ್ಳಿ. ಮಗಳು ಇಲ್ಲದ ದಿನ ಪ್ರೋಗ್ರಾಮಿಂಗ್ ಕೆಲಸ ಆಗಲ್ಲ, ಅದನ್ನೂ ಕೇಳ್ಕೊಂಡೇ ಹೋಗಿ.

ಎಲ್ಲಾ ಇಸಿಎಂನೂ ಅವರು ತಗೊಳಲ್ಲ. ನಾನಿದ್ದಾಗಲೇ ಸಾಗರದಿಂದ ಒಬ್ಬರು ತಂದಿದ್ರು, ಜಂಪ್ ಸ್ಟಾರ್ಟ್ ಮಾಡೋವಾಗ ಪ್ಲಸ್ ಮೈನಸ್ ತಿರುಗಾಮುರುಗ ಕೊಟ್ಟು ಬೋರ್ಡ್ ಒಳಪದರದ ತನಕ ಸುಟ್ಟಿತ್ತು. ಇದು ಆಗಲ್ಲ, ಅದೇ ನಂಬರಿಂದು ಹುಡುಕಿ ತನ್ನಿ, ಇದರ ಡೇಟಾ ಅದಕ್ಕೆ ಹಾಕಿ ಕೊಡ್ತೀನಿ ಅಂದ್ರು, ನೋಡಿದ್ದಕ್ಕೆ ದುಡ್ಡೂ ತಗೊಳ್ಲಿಲ್ಲ. ಒಳಗೆ ಪೂರ್ತಿ ಗಟ್ಟಿ ಅಂಟು ತುಂಬಿರೋ ಇಸಿಎಂಗಳೂ ಇವರಿಂದ ಆಗಲ್ಲ. ಇನ್ನೊಬ್ಬರು ಬಿಎಸ್ 4 ಗಾಡೀಲಿ ಹೊಗೆ ಶುದ್ಧ ಮಾಡೋ ಯೂರಿಯಾ ಸಿಸ್ಟಮ್ ಆಫ್ ಮಾಡಿಕೊಡಿ, ಎಷ್ಟಾದ್ರೂ ಆಗ್ಲಿ ಅಂತ ಕೂತಿದ್ರು. ಆ ಕೆಲಸ ನಾವು ಮಾಡಲ್ಲ ಅಂತ ಮಗಳೇ ಹೇಳಿ ಕಳಿಸಿದ್ಲು. ಅದು ನಂಗೆ ಇಷ್ಟ ಆಯ್ತು.

ಆಮೇಲೆ ಪುಷ್ಯ ಮಳೆ, ಆಶ್ಲೇಷ ಮಳೆ ಎಲ್ಲ ಹುಲಿಕಲ್ ಘಾಟೀಲೇ ಕಳೀತು, ಎಳ್ಳಮಾವಾಸ್ಯೆ ಜಾತ್ರೆ ಹೊತ್ತಿಗೆ ಗಾಡಿಯ ಫಿಟ್ನೆಸ್ ಸರ್ಟಿಫಿಕೇಟು, ಅಂದ್ರೆ ಎಫ್‌ಸಿನೂ ಆಯ್ತು. ಗಾಡಿ ಎಂಟು ವರ್ಷ ದಾಟಿದೆ, ವರ್ಷ ವರ್ಷ ಎಫ್‌ಸಿ ಮಾಡಿಸ್ಬೇಕಲ್ಲ, ಈ ಸಲ ಹೊಗೆ ಟೆಸ್ಟಲ್ಲಿ ಏನೂ ತೊಂದ್ರೆ ಬರ್ಲಿಲ್ಲ. ಸರ್ವಿಸ್ ಸ್ಟೇಷನ್ನಲ್ಲಿ ನೀರು ಹೊಡಿಸೋವಾಗ ಇಸಿಎಂ ಕಡೆ ಪ್ರೆಶರ್ ಗನ್ ತಿರುಗಿಸೋಕೆ ಬಿಡಲ್ಲ, ಮೊದಲೇ ಪ್ಲಾಸ್ಟಿಕ್ ಕಟ್ಟಿಬಿಡ್ತೀನಿ. ಇಸಿಎಂ ಸ್ಟಿಕರ್, ಆರು ಇಂಜೆಕ್ಟರ್ ಕೋಡು ಎಲ್ಲ ಫೋಟೋ ತೆಗೆದು ಮೊಬೈಲಲ್ಲಿದೆ, ಮಗಳು ಕೊಟ್ಟ ಡೇಟಾ ಪೆನ್‌ಡ್ರೈವ್ ಮನೇಲಿ ಆರ್‌ಸಿ ಪಕ್ಕ ಇದೆ. ನೀವು ರಿಪೇರಿ ಮಾಡಿಸಿದ್ರೆ ಈ ಕಾಪಿ ಕೇಳಿ ಇಸ್ಕೊಳ್ಳಿ, ಮುಂದೆ ಪೆಟ್ಟಿಗೆ ಪೂರ್ತಿ ಸುಟ್ಟುಹೋದ್ರೂ ಬೇರೇದಕ್ಕೆ ಹಾಕೋಕೆ ಬರುತ್ತೆ.

ಮೊನ್ನೆ ಲಾರಿ ಹಿಂದಿನ ಬಾಗಿಲು, ಡಾಲಾ ಅಂತೀವಲ್ಲ, ಅದನ್ನ ವೆಲ್ಡಿಂಗ್ ಮಾಡಿಸೋಕೆ ಹೋಗಿದ್ದೆ. ಹುಡುಗ ಅರ್ತ್ ಕ್ಲಾಂಪ್ ತಂದು ಚಾಸಿಗೆ ಕಚ್ಚಿಸಿ ರಾಡ್ ಹಿಡ್ಕೊಂಡ. ತಡಿ ತಮ್ಮ ಅಂದು ಎರಡೂ ಬ್ಯಾಟರಿ ಟರ್ಮಿನಲ್ ಬಿಚ್ಚಿದೆ, ಇಸಿಎಂ ಕಪ್ಲರ್ ಎಳೆದು ಬಟ್ಟೆ ಸುತ್ತಿ ಇಟ್ಟೆ, ಕ್ಲಾಂಪನ್ನ ವೆಲ್ಡ್ ಮಾಡೋ ಜಾಗದ ಪಕ್ಕದಲ್ಲೇ ಹಾಕಿಸಿದೆ. ವೆಲ್ಡಿಂಗ್ ಕರೆಂಟು ಇಸಿಎಂ ಕಡೆ ನುಗ್ಗಬಾರದಲ್ಲ. ಇಷ್ಟಕ್ಕೆ ಹತ್ತು ನಿಮಿಷ ಬೇಕು. ಯಾಕಣ್ಣ ಇದೆಲ್ಲ ಅಂದ. ಕೂರಿಸಿಕೊಂಡು ಪೂರ್ತಿ ಹೇಳಿದೆ, ಅವತ್ತು ಅವನ ಹತ್ರ ನಿಂತಿದ್ದ ಇನ್ನೊಂದು ಗಾಡೀದೂ ಬ್ಯಾಟರಿ ಬಿಚ್ಚಿಸಿದ.